ಬಾಗಿಲ ಸಂದಿಯ ಶಿಳ್ಳೆ

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ಮಂಚಯ್ಯ ಎಲ್ಲಿ ಎಂದರೆ ಯಾವ ಮಂಚಯ್ಯ ಎಂದು ತಿರುಗಿ ಕೇಳುತ್ತಿದ್ದರು. ಹತ್ತಿ ಮಂಚಯ್ಯ ಎಂದರೆ ಸಾಕು, ಕಡಲೆಕಾಯಿ ಮಾರುವವಳೂ ಕೈ ಮಾಡಿ ತೋರಿಸುತ್ತಿದ್ದಳು. ಲಾರಿಯಾಗಲಿ ಜೀಪಾಗಲಿ, ಬಾಗಿಲ ಸಂದಿಗೆ ಹತ್ತಿಯೋ ಚಿಂದಿಯೋ ಸೈಕಲ್ ಟ್ಯೂಬೋ ತುರುಕದೆ ಅವನು ಗಾಡಿ ಹೊರಡಿಸಿದ್ದನ್ನು ಕಂಡವರಿಲ್ಲ. "ಏನ್ ಮಂಚಣ್ಣ, ಗಾಡಿಗೇನ್ ನೆಗಡಿ ಆದಾತಾ?" ಎಂದು ಕ್ಲೀನರುಗಳು ರೇಗಿಸುತ್ತಿದ್ದರು.

ನಗುವವರು ನಗಲಿ. ಇದೇ ಮಂಚಯ್ಯ, ಕಾಕನಕೋಟೆ ಕಾಡಿನ ರಸ್ತೆಗೆ ಆನೆ ಅಡ್ಡ ನಿಂತಾಗ ಎಂಜಿನ್ ಆರಿಸಿ, ಬೀಡಿ ಹಚ್ಚಿ, ಅದು ತಾನಾಗಿ ಹೋಗುವ ತನಕ ಕಾದ ಮನುಷ್ಯ. ಆನೆಗೆ ಹೆದರದವನು ಬಾಗಿಲ ಸಂದಿಯಲ್ಲಿ ಸಣ್ಣಗೆ ಒಂದು ಶಿಳ್ಳೆ ಎದ್ದರೆ ಬೆವರುತ್ತಿದ್ದ. ಸ್ಟಿಯರಿಂಗ್ ಹಿಡಿದ ಕೈ ಜಾರುವಷ್ಟು ಬೆವರುತ್ತಿದ್ದ. ಕಾರಣ ಬಲ್ಲವರು ನಗುತ್ತಿರಲಿಲ್ಲ.

ಕಾರಣ ಇಪ್ಪತ್ತು ವರ್ಷ ಹಳೆಯದು. ಆಗ ಮಂಚಯ್ಯ ಪಿರಿಯಾಪಟ್ಟಣದ ಕಡೆ ಮರದ ಲಾರಿ ಓಡಿಸುತ್ತಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಲಾರಿ ಅದು, ಎಡಗಡೆಗೆ ಬಾಗಿಲೇ ಇಲ್ಲ. ಹೆಂಡತಿ ಚಿಕ್ಕಬೀರಮ್ಮ ಅಲ್ಲಿಯೇ ಹೆಣ್ಣುಮಗು ಹೆತ್ತಳು. ಎಂಟನೆಯ ದಿನಕ್ಕೆ ಅವಳನ್ನು ತವರಿಗೆ, ಕಟ್ಟೆಮಳಲವಾಡಿಗೆ ಕರೆತರಬೇಕಾಯಿತು. ಬೇರೆ ಗಾಡಿ ಸಿಗಲಿಲ್ಲ. ಬಾಗಿಲ ಜಾಗಕ್ಕೆ ಕಂಬಳಿ ಕಟ್ಟಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ಕಂಬಳಿಯ ಅಂಚಿನಲ್ಲಿ ಗಾಳಿ ಶಿಳ್ಳೆ ಹೊಡೆಯಿತು. ಬಾಣಂತಿಗೆ ಗಾಳಿ ತಾಗಬಾರದು ಎಂದು ಯಾರಿಗೆ ಗೊತ್ತಿಲ್ಲ? ಅವಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಟವೆಲ್ ಬಿಗಿದಿದ್ದರೂ ಅವಳು ನಡುಗುತ್ತಿದ್ದಳು. ಊರು ಮುಟ್ಟಿದ ಸಂಜೆಯೇ ಜ್ವರ. ಅತ್ತೆ ಕೆಂಪಾಜಮ್ಮ ಕೋಣೆಯ ಕಿಟಕಿಗೆ ಗೋಣಿ ತುರುಕಿದಳು, ಕೆಂಡ ಇಟ್ಟು ಕಾಸಿದಳು, ಸಾಂಬ್ರಾಣಿ ಹಾಕಿದಳು, ಬೇವಿನ ಸೊಪ್ಪು ಕಟ್ಟಿದಳು. ಆರನೆಯ ದಿನ ಚಿಕ್ಕಬೀರಮ್ಮ ಹೋಗಿಬಿಟ್ಟಳು.

ಹೆರಿಗೆಯಲ್ಲೇ ನಂಜಾಗಿರಬೇಕು ಎಂದು ನೋಡಲು ಬಂದ ಡಾಕ್ಟರು ಹೇಳಿದ್ದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. "ನನ್ ಮಗೀನ ಗಾಳಿಗ್ ಕೊಟ್ಟು ಕೊಂದ್ಬುಟ್ಟೆಯಲ್ಲೋ" ಎಂದು ಕೆಂಪಾಜಮ್ಮ ಹೆಣದ ಮುಂದೆ ಅಂದಳು. ಅದೇ ಊರಿನ ತೀರ್ಪಾಯಿತು. ಮಂಚಯ್ಯನಿಗೂ ಅದೇ ತೀರ್ಪು.

ಅವನು ಮತ್ತೆ ಮದುವೆಯಾಗಲಿಲ್ಲ. ಮಗು ಭದ್ರಮ್ಮನಿಗಾಗಿ ಅತ್ತೆಯ ಮನೆಯಲ್ಲೇ ಉಳಿದ. ಕೆಂಪಾಜಮ್ಮ ಮೊಮ್ಮಗಳನ್ನು ಅಂಗೈಯಲ್ಲಿಟ್ಟು ಸಾಕಿದಳು, ಅಳಿಯನನ್ನು ಮಾತಿನಲ್ಲಿ ತಿವಿಯುತ್ತ ಸಾಕಿದಳು. ಮುದ್ದೆ ಇಕ್ಕಿದರೆ ಜೊತೆಗೊಂದು ಕೊಂಕು. ಅವನು ಒಂದು ಮಾತಾಡಿದರೆ ಅವಳದು ಎರಡು. ಇಪ್ಪತ್ತು ವರ್ಷದಲ್ಲಿ ಅವನ ಒಂದೇ ಒಂದು ಮಾತಿಗೂ ಅವಳು ಉತ್ತರ ಕೊಡದೆ ಬಿಟ್ಟಿದ್ದಿಲ್ಲ, ಊರೇ ಸಾಕ್ಷಿ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಮಂಚಯ್ಯ ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿ ನೀಲಕಂಠಸ್ವಾಮಿಯ ಹತ್ತಿರ ಡ್ರೈವರಾದ. ಸ್ವಾಮಿಗಳು ಓಡಾಡುತ್ತಿದ್ದದ್ದು ವಿಚಿತ್ರವಾದೊಂದು ವ್ಯಾನಿನಲ್ಲಿ. ಪಿರಿಯಾಪಟ್ಟಣದ ಕಡೆಯ ಟಿಬೆಟ್ಟಿನವರ ಕ್ಯಾಂಪು ನೋಡಲು ಬಂದ ಬಿಳಿಯ ದಂಪತಿಗಳು, ಹೆಂಗಸಿಗೆ ಕಾಮಾಲೆಯಾಗಿ ವಿಮಾನ ಹತ್ತುವಾಗ ಬಿಟ್ಟುಹೋದ ಗಾಡಿ. ಒಳಗೆ ಮಡಚುವ ಮಂಚ, ಪುಟ್ಟ ಕಪಾಟು, ಕೈತೊಳೆಯುವ ಬೋಗುಣಿ, ಕಿಟಕಿಗೆ ಹೂವಿನ ಪರದೆ. ಜನ ಮನೆಗಾಡಿ ಎಂದು ಕರೆದರು. ಸ್ವಾಮಿಗಳು ಡ್ರೈವರಿನ ಹಿಂದೆ ಒಂದು ಹಲಗೆಯ ಗೋಡೆ ಹೊಡೆಸಿ, ಅದಕ್ಕೊಂದು ಗಾಜು ಕೂರಿಸಿ, ಹಿಂದೆ ಮಲಗಿಕೊಂಡೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳನ್ನು ಸುತ್ತುತ್ತಿದ್ದರು.

ಒಮ್ಮೆ ಅಂಥದೊಂದು ಬ್ಯಾರನ್ನಿನಲ್ಲಿ ಒಲೆಯ ಹೊಗೆ ಹೊರಗೊಯ್ಯುವ ಕೊಳವೆ ಸೀಳಿತ್ತು. ಮೇಲಿನ ಕಿಂಡಿಗಳನ್ನು ಮುಚ್ಚಿದ್ದರು. ಎಲೆ ನೋಡಲು ಒಳಗೆ ಹೋದ ಆಳು ಹೊರಗೆ ಬರಲಿಲ್ಲ. ಅವನ ಕಾಲು ಹಿಡಿದು ಎಳೆದು ತಂದವನು ಮಂಚಯ್ಯನೇ. ಗಾಳಿಗೆ ಮಲಗಿಸಿ ಅರ್ಧ ಗಂಟೆಯಾದ ಮೇಲೆ ಆ ಆಳು ಕಣ್ಣು ಬಿಟ್ಟ. ಪ್ರಜ್ಞೆಯಿಲ್ಲದಿದ್ದರೂ ಅವನ ಮುಖ ಮದುವೆಯ ಗಂಡಿನ ಹಾಗೆ ಕೆಂಪಗಿತ್ತು, ಅದನ್ನು ಕಂಡು ಮಂಚಯ್ಯ ಆಶ್ಚರ್ಯಪಟ್ಟಿದ್ದ. ಆಶ್ಚರ್ಯಪಟ್ಟು ಮರೆತ.

ಮನೆಗಾಡಿ ಮೈಯೆಲ್ಲ ಬಾಯಾಗಿ ಕೂಗುತ್ತಿತ್ತು. ಇಪ್ಪತ್ತು ಮೈಲಿ ವೇಗಕ್ಕೆ ಪಕ್ಕದ ಜೋಡಿ ಬಾಗಿಲು ಸಣ್ಣಗೆ ಶುರುಮಾಡುತ್ತಿತ್ತು. ಮೂವತ್ತಕ್ಕೆ ಹಿಂಬಾಗಿಲು ಗುಂಯ್‌ಗುಡುತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಮುಂಬಾಗಿಲಿನ ತಿರುಗುವ ಪುಟ್ಟ ಗಾಜು ಹೆಣ್ಣಿನ ದನಿಯಲ್ಲಿ ಕಿರುಚುತ್ತಿತ್ತು. ಆ ಕಿರುಚಾಟ ಎದ್ದಾಗಲೆಲ್ಲ ಮಂಚಯ್ಯ ಎಡಕ್ಕೆ ತಿರುಗಿ ನೋಡುತ್ತಿದ್ದ. ಪಕ್ಕದ ಸೀಟಿನಲ್ಲಿ ಯಾರೂ ಇರುತ್ತಿರಲಿಲ್ಲ. ಆದರೂ ನೋಡುತ್ತಿದ್ದ.

ಎಪ್ಪತ್ತೆರಡರ ಮಳೆಗಾಲದಲ್ಲಿ ಭದ್ರಮ್ಮ ಬಸುರಿ ಎಂದು ಭೇರ್ಯದಿಂದ ಸುದ್ದಿ ಬಂತು. ಅವಳನ್ನು ಕೊಟ್ಟದ್ದು ಅಲ್ಲಿಯ ಚೆಲುವಯ್ಯನಿಗೆ, ಉಳುಮೆಯ ಮನೆ. ಸುದ್ದಿ ಕೇಳಿ ಊರವರು ಬೆಲ್ಲ ತಿಂದರು. ಮಂಚಯ್ಯ ಬೆಲ್ಲ ಮುಟ್ಟಲಿಲ್ಲ. ಹುಟ್ಟಿದ ಎಂಟನೆಯ ದಿನಕ್ಕೆ ಅದೇ ಲಾರಿಯಲ್ಲಿ ಬಂದ ಕೂಸು, ಈಗ ಬಾಣಂತಿಯಾಗುವ ಹೊತ್ತು. ಎಲ್ಲಿ ಹೆತ್ತರೂ ಒಂದಲ್ಲ ಒಂದು ದಿನ ಅವಳನ್ನು ಗಾಡಿಯಲ್ಲಿ ಕರೆತರಲೇಬೇಕು. ಆ ಗಾಡಿ ಓಡಿಸುವವನು ತಾನೇ.

"ಸ್ವಾಮ್ಯಾರೆ, ಯಾನಿನ್ ಬಾಗ್ಲೆಲ್ಲ ಸರಿ ಮಾಡ್ಕತ್ತೀನಿ" ಎಂದ.

"ಮಾಡ್ಕೊಳ್ಳಯ್ಯ, ನನಗಾದ್ರೂ ಒಂದು ನಿದ್ದೆ ಬರಲಿ" ಎಂದರು ನೀಲಕಂಠಸ್ವಾಮಿ.

ಅಂದಿನಿಂದ ಅವನು ವ್ಯಾನಿಗೆ ಹೆರಿಗೆಯ ಕೋಣೆ ಸಾರಿಸಿದ ಹಾಗೆ ಕೆಲಸ ಮಾಡಿದ. ಬಾಗಿಲ ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆಯುವುದು. ಬಾಗಿಲ ಅಂಚಿನ ರಬ್ಬರಿಗೆ ಸುಣ್ಣ ಅಂಟದ ಜಾಗವೆಲ್ಲ ಸಂದಿ. ಒಳಗೆ ಊದುಬತ್ತಿ ಹಚ್ಚಿ ಹೊರಗಿನಿಂದ ಬೀಸಣಿಗೆ ಬೀಸಿಸುವುದು. ಹೊಗೆ ಎಲ್ಲಿ ಬಾಗಿತೋ ಅಲ್ಲಿ ಗುರುತು. ಜೋತುಬಿದ್ದ ಕೀಲಿನ ಹಿಂದೆ ತಗಡಿನ ಚೂರು ಇಟ್ಟು ಬಾಗಿಲು ಎತ್ತಿದ. ಒಣಗಿ ಬಿರುಕುಬಿಟ್ಟ ರಬ್ಬರನ್ನು ಕಿತ್ತು ಸೈಕಲ್ ಟ್ಯೂಬು ಸೀಳಿ ಅಂಟಿಸಿದ. ನೂರಕ್ಕೆ ಎಂಬತ್ತು ಶಿಳ್ಳೆ ನಿಂತವು. ಉಳಿದ ಇಪ್ಪತ್ತು ಅವನ ತಲೆಯೊಳಗೆ ಕೂತವು.

ಅದಕ್ಕೆ ಮದ್ದು ಸಿಕ್ಕಿದ್ದು ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ಹಾಡಿಯಲ್ಲಿ. ಹಿಂದೆ ಮರ ತುಂಬುವಾಗಿನ ಗೆಳೆಯ ಜೋಗಿ ಜೇನು ಕೀಳುವವನು. ಅವನು ಒಂದು ಬುಟ್ಟಿ ಜೇನುಮೇಣ ಕೊಟ್ಟ. ಯಾತಕ್ಕೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಾಳೀನ ಕಟ್ಟಾಕೀರಾ ಸೋಮಿ? ಜೇನ್ನೊಣಾನೇ ಗೂಡಿಗೊಂದು ಬಾಯಿ ಬುಟ್ಕತ್ತದೆ." ಮಂಚಯ್ಯನಿಗೆ ನಗು ಬರಲಿಲ್ಲ. ಮೇಣ ಕರಗಿಸಿ, ಹರಳೆಣ್ಣೆ ಬೆರೆಸಿ, ಅದರಲ್ಲಿ ನೂಲಿನ ಹಗ್ಗ ಅದ್ದಿ, ಹಿಂಬಾಗಿಲ ಸುತ್ತ, ಪಕ್ಕದ ಬಾಗಿಲ ಸುತ್ತ, ಹಲಗೆಯ ಗೋಡೆಯ ಅಂಚಿಗೆಲ್ಲ ಒತ್ತಿದ. ನೆಲದ ತೂತುಗಳನ್ನೂ ಬಿಡಲಿಲ್ಲ.

ಹೆರಿಗೆ ಒಂದು ತಿಂಗಳು ಮೊದಲೇ ಆಯಿತು. ಧನುರ್ಮಾಸದ ಚಳಿಯಲ್ಲಿ, ಭೇರ್ಯದ ಗಂಡನ ಮನೆಯಲ್ಲೇ. ಗಂಡುಮಗು, ಅಂಗೈಯಗಲ. ಹದಿಮೂರನೆಯ ದಿನ ತವರಿಗೆ ಕರೆತರುವುದೆಂದಾಯಿತು.

ಬೆಳಗ್ಗೆ ಎಂಟಕ್ಕೆ ಹೊರಟರು. ಹೊಲಗಳ ಮೇಲೆ ಇನ್ನೂ ಮಂಜು. ಹಿಂದಿನ ಮಂಚದ ಮೇಲೆ ಭದ್ರಮ್ಮ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮಗ್ಗುಲಲ್ಲಿ ಕುಲಾವಿ ಹಾಕಿದ ಕೂಸು. ಕಾಲ ಬಳಿ ಕೆಂಪಾಜಮ್ಮ. ಚೆಲುವಯ್ಯ ಗಂಟುಮೂಟೆ ಹೊತ್ತು ಬಸ್ಸಿಗೆ ಹೋದ. ಬಾಗಿಲು ಮುಚ್ಚುವ ಮುಂಚೆ ಕೆಂಪಾಜಮ್ಮ ಒಂದು ಮಣ್ಣಿನ ಅಗ್ಗಿಷ್ಟಿಕೆಯನ್ನು ಒಳಗೆ ಎಳೆದುಕೊಂಡಳು, ತುಂಬ ಇದ್ದಿಲ ಕೆಂಡ.

"ಯಾನಿನಾಗೆ ಯಾಕತ್ತೆ ಬೆಂಕಿ?"

"ಮಗಾ ಐಸಿನಂಗದೆ ಕಣೋ. ಕಾಸದೆ ಕರ್ಕೊಂಡೋಗಕ್ಕಾದಾತಾ? ಗಾಳಿ ಬರದಂಗೆ ಬಾಗ್ಲು ಮುಚ್ಚೋದು ನೋಡು ನೀನು. ಒಂದ್ಸಲ ಮಾಡಿದ್ದು ಸಾಕು."

ಆ ಕೊನೆಯ ಮಾತು ಕೇಳಿದವನೇ ಬಾಗಿಲನ್ನು ಭುಜ ಕೊಟ್ಟು ಒತ್ತಿ ಮುಚ್ಚಿದ. ಚಳಿಗೆ ಗಟ್ಟಿಯಾದ ಮೇಣ ಕರ್ರೆಂದು ಕೂತಿತು.

ಕೆ.ಆರ್. ನಗರ ದಾಟುವ ತನಕ ಕೂಸು ಅಳುತ್ತಿತ್ತು, ಕೆಂಪಾಜಮ್ಮ ಬೈಯುತ್ತಿದ್ದಳು. ಹಲಗೆಯಾಚೆಯಿಂದ ಎರಡೂ ಮಂದವಾಗಿ ಕೇಳುತ್ತಿದ್ದವು. ಮಂಚಯ್ಯ ಹದಿನೈದು ಮೈಲಿಯ ಮೇಲೆ ಹೋಗಲಿಲ್ಲ. ಕಿವಿಯೆಲ್ಲ ಬಾಗಿಲ ಮೇಲೆ. ಈಗ ಏಳುತ್ತದೆ ಶಿಳ್ಳೆ, ಈಗ ಏಳುತ್ತದೆ ಎಂದು ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಏಳಲಿಲ್ಲ. ಹೊಸ ಅಗ್ರಹಾರದ ದಾರಿಯ ನೆಟ್ಟನೆಯ ಜಾಗದಲ್ಲಿ ಧೈರ್ಯ ಮಾಡಿ ವೇಗ ಹೆಚ್ಚಿಸಿದ. ಇಪ್ಪತ್ತು. ಇಪ್ಪತ್ತೈದು. ಮೂವತ್ತು. ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂತಿರುಗಿ ನೋಡಿದರೆ ಗಾಜಿನ ಒಳಮೈ ಹಬೆಯಿಂದ ಬೆಳ್ಳಗಾಗಿತ್ತು. ಒಂದು ಎಳೆ ಗಾಳಿಯೂ ನುಗ್ಗಿಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ಕೂಸು ಮಲಗಿತ್ತು. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಮಂಚಯ್ಯನ ಎದೆ ಹಗುರಾಯಿತು. ಕಣ್ಣಲ್ಲಿ ನೀರೂ ಬಂತು. "ಗೆದ್ದೆ ಕಣೇ" ಎಂದು ಪಕ್ಕದ ಖಾಲಿ ಸೀಟಿಗೆ ಹೇಳಿದ.

ಆ ಸಂತೋಷವನ್ನು ಯಾರಿಗಾದರೂ ಹೇಳಬೇಕೆನಿಸಿ ಹಲಗೆ ತಟ್ಟಿದ. "ಅತ್ತೆ! ಗಾಳಿ ಏನಾರ ಬತ್ತದಾ?"

ಉತ್ತರ ಬರಲಿಲ್ಲ.

ಮುದುಕಿಗೆ ಕೇಳಿಸಲಿಲ್ಲವೇನೋ. ಜೋರಾಗಿ ತಟ್ಟಿದ. "ಅತ್ತೆ! ನಿನ್ನೇ ಕೇಳಿದ್ದು. ಗಾಳಿಗ್ ಕೊಟ್ಟೆ ಅಂತ ಇನ್ಮ್ಯಾಲೆ ಅಂದೀಯಾ?"

ಆ ಮಾತಿಗೂ ಉತ್ತರ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಬಾರದೆ ಇರದಿದ್ದ ಉತ್ತರ.

ಬ್ಯಾರನ್ನಿನ ಆ ಆಳಿನ ಕೆಂಪು ಮುಖ ಮಂಚಯ್ಯನ ಕಣ್ಣ ಮುಂದೆ ಬಂದು ನಿಂತಿತು. ಮುಚ್ಚಿದ ಕಿಂಡಿ, ಒಳಗೆ ಬೆಂಕಿ, ಹೊರಹೋಗಲಾರದ ಬೆಂಕಿಯ ವಿಷ. ತನ್ನ ಕೈಯಾರೆ ತಾನು ಏನು ಕಟ್ಟಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಬ್ರೇಕ್ ಒತ್ತಿದ ರಭಸಕ್ಕೆ ವ್ಯಾನು ಅಡ್ಡಡ್ಡ ಹೋಗಿ ರಸ್ತೆಯಂಚಿಗೆ ನಿಂತಿತು.

ಇಳಿದು ಓಡಿ ಪಕ್ಕದ ಬಾಗಿಲ ಹಿಡಿ ತಿರುಗಿಸಿ ಎಳೆದ. ಬಾಗಿಲು ಬರಲಿಲ್ಲ. ಕಾಲು ಕೊಟ್ಟು ಎಳೆದ. ಬರಲಿಲ್ಲ. ಮೇಣ ಹಿಡಿದುಕೊಂಡಿತ್ತು, ಟ್ಯೂಬು ಕಚ್ಚಿಕೊಂಡಿತ್ತು, ತಾನಿಟ್ಟ ತಗಡು ಕೀಲನ್ನು ಬಿಗಿದಿತ್ತು. ನಾಲ್ಕು ತಿಂಗಳು ಕೂತು ಒಂದೊಂದೇ ಸಂದಿ ಮುಚ್ಚಿದ ಅದೇ ಬೆರಳುಗಳು ಈಗ ಒಂದು ಉಗುರು ತೂರುವ ಸಂದಿಗಾಗಿ ಬಾಗಿಲ ಸುತ್ತ ಹುಡುಕಿದವು. ಒಂದೂ ಸಿಗಲಿಲ್ಲ. "ಭದ್ರೀ! ಲೇ ಭದ್ರೀ!" ಎಂದು ತಗಡಿಗೆ ಬಡಿದ. ಒಳಗೆ ಸದ್ದಿಲ್ಲ. ಸೀಟಿನಡಿಯಿಂದ ಜಾಕಿನ ಸಲಾಕಿ ತಂದು ಕಿಟಕಿಯ ಗಾಜು ಒಡೆದ, ಒಳಗೆ ಕೈ ಹಾಕಿದ, ರಕ್ತ ಬಂತು, ಕೈಗೆ ಸಿಕ್ಕ ಚಿಲಕ ಎಳೆದುಕೊಂಡು ಸಲಾಕಿಯಿಂದ ಮೀಟಿದ. ಬಾಗಿಲು ಕಿತ್ತುಕೊಂಡು ಬಂತು.

ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಕೆಂಪಾಜಮ್ಮ ಕಪಾಟಿಗೆ ಒರಗಿ ಬಾಯಿ ಬಿಟ್ಟುಕೊಂಡಿದ್ದಳು. ಭದ್ರಮ್ಮನ ಕೆನ್ನೆ ಕುಂಕುಮ ಬಳಿದಷ್ಟು ಕೆಂಪು. ಮೊದಲು ಅಗ್ಗಿಷ್ಟಿಕೆಯನ್ನು ಒದ್ದು ಹೊರಗೆ ಕೆಡವಿದ. ಕೂಸನ್ನು ಎತ್ತಿಕೊಂಡರೆ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತಿತು. ಅದನ್ನು ಬದುವಿನ ಹುಲ್ಲಿನ ಮೇಲೆ ಮಲಗಿಸಿ, ಭದ್ರಮ್ಮನನ್ನು ಕಂಕುಳಿಗೆ ಕೈಕೊಟ್ಟು ಎಳೆದು ತಂದ, ಆಮೇಲೆ ಮುದುಕಿಯನ್ನು. ಬಯಲಿನ ಮೇಲೆ ಚಳಿಗಾಳಿ ಸುಯ್ಯೆಂದು ಬೀಸುತ್ತಿತ್ತು. ಭದ್ರಮ್ಮನ ತಲೆಯ ಬಟ್ಟೆ ಬಿಚ್ಚಿದ, ಕಿವಿಯ ಹತ್ತಿ ಕಿತ್ತು ಎಸೆದ. ಕೂಸಿನ ಕುಲಾವಿ ತೆಗೆದು ಎದೆಯ ಬಟ್ಟೆ ಸಡಿಲಿಸಿ ಗಾಳಿಗೆ ಹಿಡಿದ.

ಪಕ್ಕದ ಹೊಲದಲ್ಲಿ ಹುರುಳಿ ಕೀಳುತ್ತಿದ್ದ ಹೆಂಗಸರು ಓಡಿಬಂದರು. ಮುಂದೆ ಬಂದವಳು ಬಾಣಂತಿಯ ಬರಿಯ ತಲೆ ನೋಡಿ ಕಿರುಚಿದಳು. "ಅಯ್ಯೋ ಪಾಪಿ, ಹಸಿ ಬಾಣಂತೀನ ಗಾಳೀಗ್ ಆಕಿದ್ದೀಯಲ್ಲೋ! ಸತ್ತೋಯ್ತಾಳೆ ಕಣೋ!" ತನ್ನ ಕಂಬಳಿ ಬಿಚ್ಚಿ ಮುಚ್ಚಲು ಬಗ್ಗಿದಳು.

ಅದು ಇಪ್ಪತ್ತು ವರ್ಷದಿಂದ ಅವನ ತಲೆಯೊಳಗೆ ಕೂಗುತ್ತಿದ್ದ ಮಾತೇ. ಒಂದು ಗಳಿಗೆ ಅವನ ಕೈ ತಾನಾಗಿ ಆ ಕಂಬಳಿಯ ಕಡೆ ಹೋಯಿತು. ಮುಚ್ಚಿಬಿಡೋಣವೇ? ಬ್ಯಾರನ್ನಿನ ನೆನಪೇ ತಪ್ಪಾಗಿದ್ದರೆ? ಈ ಗಾಳಿಯೇ ಇವಳನ್ನೂ ಕೊಂಡೊಯ್ದರೆ ಇನ್ನು ಯಾವ ಮುಖ ಹೊತ್ತು ಬದುಕುವುದು? ಹಾಗೆಂದುಕೊಳ್ಳುತ್ತಲೇ ಕಂಬಳಿಯನ್ನು ತಳ್ಳಿದ. "ದೂರ ನಿಂತ್ಕಳ್ರವ್ವಾ. ಗಾಳಿ ಬುಡ್ರಿ. ಗಾಳಿ ಬರ್ಲಿ ಬುಡ್ರಿ" ಎಂದು ಕೂಗಿದ. ಕೂಗು ಅಳುವಾಯಿತು.

ಎಷ್ಟು ಹೊತ್ತೋ. ಕೂಸಿನ ಕಾಲು ಹಿಡಿದು ಅಂಗಾಲಿಗೆ ತಟ್ಟಿದ. ಬೆನ್ನು ತಿಕ್ಕಿದ. ಮೂಗಿಗೆ ಊದಿದ. ಏನೂ ಇಲ್ಲ. ಆಮೇಲೆ ಒಂದು ಸೀನು ಬಂತು, ಬೆಕ್ಕಿನ ಮರಿಯದರಷ್ಟು ಸಣ್ಣದು. ಇನ್ನೊಂದು ಬಂತು. ಮುಖ ಕಿವುಚಿ, ನೀಲಿ ಬಾನನ್ನೇ ಬೈಯುವ ಹಾಗೆ ಅದು ಅತ್ತಿತು. ಆ ಅಳುವಿಗೆ ಭದ್ರಮ್ಮ ಮಗ್ಗುಲಾಗಿ ವಾಂತಿ ಮಾಡಿಕೊಂಡಳು, "ತಲೆ ಸಿಡೀತದೆ ಕಣಪ್ಪ" ಎಂದು ನರಳುತ್ತಲೇ ಇದ್ದಳು. ಎಲ್ಲರಿಗಿಂತ ಕೊನೆಗೆ ಕೆಂಪಾಜಮ್ಮ ಕಣ್ಣು ಬಿಟ್ಟು, ಮೊಮ್ಮಗಳ ಬರಿಯ ತಲೆಯನ್ನು ನೋಡಿ, ಆಮೇಲೆ ಹುಲ್ಲಿನ ಮೇಲೆ ಕೆದರಿದ ಕೆಂಡವನ್ನು ನೋಡಿದಳು.

ಉಳಿದ ದಾರಿಯನ್ನು ಮಂಚಯ್ಯ ಮುರಿದ ಬಾಗಿಲನ್ನು ಹಗ್ಗದಿಂದ ಕಟ್ಟಿ ಓಡಿಸಿದ. ಒಡೆದ ಗಾಜಿನಿಂದ, ಬಾಗಿಲ ಸಂದಿಯಿಂದ ಗಾಳಿ ಬಾಯಿಗೆ ಬಂದ ಹಾಗೆ ಶಿಳ್ಳೆ ಹೊಡೆಯಿತು. ಅವನಿಗೆ ಆ ಶಿಳ್ಳೆಯೂ ಭಯ, ಅದು ನಿಂತರೂ ಭಯ.

ಊರು ಮುಟ್ಟಿದ ಮೇಲೆ ದಿನ ಎಣಿಸುವುದು ಶುರುವಾಯಿತು. ಗಾಳಿ ಹೊಡೆದ ಬಾಣಂತಿ ಎಂದು ನೋಡಲು ಬಂದವರೆಲ್ಲ ತಲೆಯಾಡಿಸಿದರು. ಮಂಚಯ್ಯ ಕೋಣೆಗೆ ಕೆಂಡ ತರಗೊಡಲಿಲ್ಲ. ಆದರೆ ಕಿಟಕಿಗೆ ತುರುಕಿದ್ದ ಗೋಣಿಯನ್ನು ತೆಗೆಯುವ ಧೈರ್ಯವೂ ಅವನಿಗಿರಲಿಲ್ಲ. ಹೊತ್ತು ಹೊತ್ತಿಗೂ ಬಾಗಿಲಲ್ಲಿ ನಿಂತು ಮಗಳ ಹಣೆ ಮುಟ್ಟುತ್ತಿದ್ದ. ಮೂರನೆಯ ದಿನ ಹಣೆ ಬಿಸಿ ಅನಿಸಿ ಜೀವ ಬಾಯಿಗೆ ಬಂತು; ನೋಡಿದರೆ ಬಿಸಿ ಅವನ ಅಂಗೈಯದೇ. ನಾಲ್ಕು, ಐದು. ಕೆಂಪಾಜಮ್ಮ ಈ ದಿನಗಳಲ್ಲಿ ಅವನಿಗೆ ಒಂದು ಕೊಂಕೂ ಆಡಲಿಲ್ಲ. ಮುದ್ದೆ ಇಟ್ಟು ಸುಮ್ಮನೆ ಹೋಗುತ್ತಿದ್ದಳು. ಅದು ಅವನಿಗೆ ಇನ್ನೊಂದು ಹೆದರಿಕೆ.

ಆರನೆಯ ದಿನ ಬೆಳಗ್ಗೆ ಭದ್ರಮ್ಮ ಎದ್ದು ಹಸಿವು ಎಂದಳು. ಬಿಸಿ ಅನ್ನ, ಮೆಣಸಿನ ಸಾರು ಉಂಡಳು. ಮೈ ತಣ್ಣಗಿತ್ತು. ಕೂಸು ಹಾಲು ಕುಡಿದು ತೇಗಿತು.

ಮಂಚಯ್ಯ ಜಗಲಿಯ ಮೇಲೆ ಬಂದು ಕೂತ. ಸ್ವಲ್ಪ ಹೊತ್ತಿಗೆ ಕೆಂಪಾಜಮ್ಮ ಬಂದು ಕಂಬಕ್ಕೆ ಒರಗಿ ಕೂತಳು.

"ಮಂಚ" ಎಂದಳು.

"ಏನತ್ತೆ?"

"ಅವತ್ತು ನನ್ ಮಗೀನ ಕ್ವಾಣೇಗೆ ಗೋಣಿ ತುರುಕ್ದೋಳು ನಾನೇಯ. ಕೆಂಡ ಇಕ್ದೋಳೂ ನಾನೇಯ. ಸಾಯೋ ದಿನ ಬೆಳಗ್ಗೆ ಅವಳೂ ಭದ್ರಿ ಅಂದಂಗೇ ಅಂದಿದ್ಲು ಕಣೋ, ತಲೆ ಸಿಡೀತದೆ ಅವ್ವ ಅಂತ. ನಾನು ಇನ್ನೊಂದು ಬೊಗಸೆ ಇದ್ಲು ಆಕ್ದೆ."

ಇಪ್ಪತ್ತು ವರ್ಷದ ಕೊಂಕುಗಳೆಲ್ಲ ಒಟ್ಟಿಗೆ ಮಂಚಯ್ಯನ ಕಿವಿಯಲ್ಲಿ ಎದ್ದವು. ತಿರುಗಿ ಎಸೆಯಬಹುದಾಗಿತ್ತು, ಒಂದೇ ಮಾತು ಸಾಕಿತ್ತು. ಮುದುಕಿ ಆ ಮಾತಿಗೇ ಕಾಯುತ್ತ ಹೆಗಲು ಕುಗ್ಗಿಸಿ ಕೂತಿದ್ದಳು. ಹಾಗೆ ಕಾಯುವುದು ಎಂಥದೆಂದು ಈ ಭೂಮಿಯ ಮೇಲೆ ಅವನಷ್ಟು ಬಲ್ಲವರು ಯಾರು?

"ಜ್ವರ ಇತ್ತು ಬುಡತ್ತೆ" ಎಂದ. "ಡಾಕುಟ್ರು ಅಂದಿರ್ನಿಲ್ವಾ? ಜ್ವರಕ್ಕೇ ಹೋದ್ಲು."

ಕೆಂಪಾಜಮ್ಮ ಕಂಬ ಹಿಡಿದು ಎದ್ದು ಒಳಗೆ ಹೋದಳು. ಬಾಣಂತಿ ಕೋಣೆಯ ಕಿಟಕಿಯಿಂದ ಅವಳು ಗೋಣಿ ಕೀಳುವ ಸದ್ದು ಜಗಲಿಗೆ ಕೇಳಿಸಿತು.